ಹುಳುಮನೆ ಖಾಲಿ ಇದ್ದಾಗ

ದಿಲ್ಲಿಗೆ ಹೋಗೋಕೆ ಯಾವ ತಿಂಗಳು ಚೆನ್ನ
ಅಂತ ಕೇಳ್ತೀಯಲ್ಲ ಅಂಬುಜಿ,
ಮೊದಲು ಆ ಚಂದ್ರಿಕೆ ಇತ್ತ ತಿರುಗಿಸು,
ಮೂಲೇಲಿ ಇನ್ನೂ ಐದಾರು ಗೂಡು ಅಂಟಿಕೊಂಡಿವೆ.
ಮೆತ್ತಗಿರೋದು ಬೇರೆ ಬುಟ್ಟಿಗೆ ಹಾಕು.
ಹ್ಞೂಂ, ಹೇಳ್ತೀನಿ.

ನನ್ನ ತಂಗಿ ನಾಗವೇಣಿ ಹನ್ನೊಂದು ವರ್ಷ
ಫೋನಲ್ಲಿ ಒಂದೇ ಮಾತು ಹೇಳಿದಳು:
ಫೆಬ್ರವರೀಲಿ ಬಾರಕ್ಕ.
ಚಳಿ ಹೊರಟಿರುತ್ತೆ, ಬಿಸಿಲು ಬಂದಿರಲ್ಲ,
ರಸ್ತೆ ನಡುವೆ ಸರ್ಕಾರದೋರು ಹೂ ನೆಟ್ಟಿರ್ತಾರೆ,
ನಮ್ಮ ಕಡೆ ಅವಕ್ಕೆ ಹೆಸರೇ ಇಲ್ಲ.
ನವೆಂಬರ್ ಬೇಡ, ಹೊಗೆ, ಕಣ್ಣುರಿ.
ಜನವರಿ ಬೇಡ, ಮಂಜಲ್ಲಿ ರೈಲು ಒಂದು ದಿನ ತಡ.
ಮೇ ಅಂತೂ ಬಾಯಲ್ಲಿ ಎತ್ತಲೇಬೇಡ,
ಕಾಗೆ ಕೂಡ ನಲ್ಲಿ ಬುಡ ಬಿಟ್ಟು ಏಳಲ್ಲ.

ಫೆಬ್ರವರಿ.
ನಮ್ಮ ಫೆಬ್ರವರಿ ನಿನಗೆ ಗೊತ್ತಲ್ಲ.
ಒಂದು ವರ್ಷ ಹುಳು ಮೂರನೇ ಜ್ವರಕ್ಕೆ ಕೂತಿತ್ತು,
ಮರುವರ್ಷ ನಾಲ್ಕನೇ ಜ್ವರ ಎದ್ದು ಹಸಿದಿತ್ತು,
ಇನ್ನೊಂದು ವರ್ಷ ಗೂಡಿನ ರೇಟು ಏರಿದೆ ಅಂತ
ನಿಮ್ಮಣ್ಣ ನೂರು ಮೊಟ್ಟೆ ಜಾಸ್ತಿ ಹಾಕಿಸಿದ.
ಹಗಲು ಮೂರು ಸಲ ಸೊಪ್ಪು, ರಾತ್ರಿ ಇನ್ನೊಂದು ಸಲ.
ಹುಳಕ್ಕಿರೋದು ಬಾಯಿ ಮಾತ್ರ ಅಂಬುಜಿ,
ಅದಕ್ಕೆ ದಿಲ್ಲಿ ಯಾವುದು, ತಂಗಿ ಯಾರು.

ಕೊನೆಗೆ ಹೋದದ್ದು ಯಾವಾಗ ಅಂತೀಯ?
ಮೇ ಇಪ್ಪತ್ತೆರಡು.
ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿ
ದುಡ್ಡು ಬ್ಯಾಂಕಿಗೆ ಬಿದ್ದು
ಹುಳುಮನೆಗೆ ಬ್ಲೀಚಿಂಗ್ ಪೌಡರು ಹೊಡೆದು
ಬಾಗಿಲು ಹಾಕಿದ ಮಾರನೇ ದಿನ.
ತೋಟದಲ್ಲಿ ಸೊಪ್ಪು ಬಲಿಯೋಕೆ ಇನ್ನೂ ಹದಿನೈದು ದಿನ.
ಆ ಹದಿನೈದು ದಿನ
ಯಾರ ಹೊಟ್ಟೆಯೂ ನನ್ನ ಕೈ ನೋಡ್ತಿರಲಿಲ್ಲ.
ನಾಗವೇಣಿ ಬೈದಳು. ಬೈಕೊಳ್ಳಲಿ ಅಂತ
ಟಿಕೆಟ್ಟು ತೆಗೆಸಿದೆ.

ರೈಲಲ್ಲಿ ಎರಡು ರಾತ್ರಿ. ಝಾನ್ಸಿ ದಾಟಿದ ಮೇಲೆ
ಕಿಟಕಿ ಕಂಬಿ ಮುಟ್ಟಿದರೆ ಕಾದ ಹೆಂಚು.
ಎದುರು ಸೀಟಿನ ಅಜ್ಜಿ ಒಂದು ಈರುಳ್ಳಿ ಕೊಟ್ಟು
ಸೊಂಟಕ್ಕೆ ಸಿಕ್ಕಿಸಿಕೋ ಅಂತ ಸನ್ನೆ ಮಾಡಿದಳು.
ಬಿಸಿಗಾಳಿಗೆ ಮದ್ದಂತೆ.
ಮಾತು ತಿಳೀಲಿಲ್ಲ, ಈರುಳ್ಳಿ ತಿಳೀತು.

ಏನೇನು ನೋಡಿದೆ ಅಂತ ಮಾತ್ರ ಕೇಳಬೇಡ.
ಕೆಂಪುಕೋಟೆ ಬಸ್ಸಿಂದ ಕಂಡಿತು, ಇಳೀಲಿಲ್ಲ.
ಅವಳದು ಎರಡನೇ ಮಹಡಿ, ಒಂಟಿ ರೂಮು.
ಗಂಡ ದೋಸೆ ಮಾಸ್ಟ್ರು, ನಾಲ್ಕು ಗಂಟೆಗೇ ಹೋಟೆಲಿಗೆ.
ಹೊತ್ತು ಏರಿದ ಮೇಲೆ ನೋಡ್ತೀನಿ,
ಇವಳು ಗೋಣಿಚೀಲ ಬಕೆಟ್ಟಲ್ಲಿ ಅದ್ದಿ
ಹಿಂಡದೆ ಕಿಟಕಿಗೆ ಕಟ್ತಾ ಇದಾಳೆ,
ಬೇಸಿಗೇಲಿ ಅಪ್ಪ ನಮ್ಮ ಹುಳುಮನೆಗೆ
ಕಟ್ತಿದ್ದ ಅದೇ ಗಂಟು,
ಎಡಕ್ಕೊಂದು ಸುತ್ತು, ಬಲಕ್ಕೆರಡು.
ನಾನೇನೂ ಅನ್ನಲಿಲ್ಲ.
ಇನ್ನೊಂದು ತುದಿ ಹಿಡಕೊಂಡೆ.

ಆ ಒದ್ದೆ ಕತ್ತಲಲ್ಲಿ ಬರೀ ನೆಲದ ಮೇಲೆ ಮಲಗಿ
ಮಾತಾಡಿದ್ದೇ ಮಾತಾಡಿದ್ದು.
ನಾಲ್ಕನೇ ದಿನ ಬಾಯಿ ಬಿಟ್ಟಳು:
ಅವಳು ಅಡುಗೆ ಮಾಡೋ ಇಸ್ಕೂಲಿಗೆ
ರಜೆ ಬರೋದು ಈ ಸುಡು ಬಿಸಿಲಲ್ಲೇ.
ಫೆಬ್ರವರೀಲಿ ನಾನು ಹೋಗಿದ್ದರೆ
ಬೆಳಗ್ಗೆ ಆರಕ್ಕೆ ಹೊರಟು, ಸಂಜೆ ಬಂದು
ಕಾಲು ನೀಡಿದಲ್ಲೇ ನಿದ್ದೆ ಹೋಗ್ತಿದ್ದಳು.
ಮತ್ಯಾಕೇ ಕರೀತಿದ್ದೆ ಅಂದೆ.
ಊರು ನಿನಗೆ ಚೆನ್ನಾಗಿ ಕಾಣಲಿ ಅಂತ.
ನಾನಿಲ್ಲದಿದ್ದರೂ ಹೂ ಇರ್ತಿತ್ತಲ್ಲಕ್ಕ,
ಅಂದಳು.

ಸುಮ್ಮನೆ ಸೂರು ನೋಡಿದೆ.
ಫ್ಯಾನು ಬಿಸಿಗಾಳೀನೇ ಕಡೀತಿತ್ತು.
ಗೋಣಿ ಒಣಗಿತು. ಇಬ್ಬರೂ ಎದ್ದು
ಮತ್ತೆ ಅದ್ದಿದೆವು.

ಬುಟ್ಟಿ ತುಂಬಿತಾ? ಇನ್ನೊಂದು ತಗೋ.
ನಿಮ್ಮ ಮುಂದಿನ ಬೆಳೆ ಮುಗಿಯೋದು ಯಾವಾಗ,
ದೀಪಾವಳಿ ಆದ ಮೇಲಾ?
ಹಾಗಾದರೆ ನಿನ್ನ ಪಾಲಿಗೆ ಹೊಗೆ ಬಂತು.
ಹೋಗು, ಹೋಗಿ ಬಾ.
ಕಣ್ಣುರಿಗೆ ಒದ್ದೆ ಕರ್ಚೀಫು ಇಟ್ಕೋ.
ಈರುಳ್ಳಿ ಬೇಡ,
ಅದು ಮೇ ತಿಂಗಳದ್ದು.